ಅವರ ದೋಷಕ್ಕೆ ನಮ್ಮ ಕುಂಬಳ

ನಮ್ಮ ಕಡೆ ನೀರಿಗೆ ಕೊರತೆಯಿಲ್ಲ, ಮಣ್ಣಿಗೂ ಕೊರತೆಯಿಲ್ಲ. ಕೊರತೆ ಇರುವುದು ಬಿಸಿಲಿಗೆ. ಕಾಫಿಗೆ ನೆರಳು ಬೇಕು ಎಂದು ಮನೆ ಬಾಗಿಲವರೆಗೂ ಮರ ಬೆಳೆಸಿಕೊಂಡ ಜನ ನಾವು. ಒಂದು ಮೆಣಸಿನಕಾಯಿ ಗಿಡ ನೆಡಬೇಕೆಂದರೂ ಆಕಾಶ ಎಲ್ಲಿ ಕಾಣುತ್ತದೆ ಎಂದು ತಲೆಯೆತ್ತಿ ಹುಡುಕಬೇಕು. ಹೊಂಗಡಹಳ್ಳದ ದಾರಿಯಲ್ಲಿರುವ ನಮ್ಮ ಸಣ್ಣ ತೋಟದಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೀಳುವ ಜಾಗ ಒಂದೇ: ಕಾಫಿ ಒಣಗಿಸುವ ಸಿಮೆಂಟಿನ ಕಣ. ಅದಕ್ಕೇ ನಾನು ಕೈತೋಟಕ್ಕೆ ಕಣವನ್ನೇ ಕೇಳಿದೆ.

ಯಾಕೆ ಕೇಳಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹೇಳುವಾಗ ಈಗಲೂ ಮೈ ಉರಿಯುತ್ತದೆ.

ನಮ್ಮ ಬೇಲಿಯ ಆಚೆಗೆ ದೊಡ್ಡಮನೆಯವರ ಎಸ್ಟೇಟಿನ ಲೈನ್ ಇದೆ. ಕೂಲಿಯವರಿಗೆಂದು ಸಾಲಾಗಿ ಕಟ್ಟಿಸಿದ ಒಂದೊಂದು ಕೋಣೆಯ ಮನೆಗಳು. ಬೇಲಿಗೆ ತಾಗಿದ ಮೊದಲ ಮನೆಯ ಹೆಂಗಸು ನನಗಿಂತ ಸ್ವಲ್ಪ ಚಿಕ್ಕವಳು. ಎಸ್ಟೇಟಿನ ಕೆಲಸಕ್ಕೆ ಹೋಗುತ್ತಾಳೆ. ಆ ಮನೆ ಸಿಕ್ಕಿದ್ದೂ ಅವಳ ಕೆಲಸದ ಮೇಲೆಯೇ. ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಗಂಡ ಮರ ಹತ್ತುವ ಆಳು. ಕಳೆದ ವರ್ಷ ಕಾಳುಮೆಣಸಿನ ಕೊಯ್ಲು ಶುರುವಾದ ಹೊಸದರಲ್ಲಿ ಅವನು ಮೆಣಸಿನ ಬಳ್ಳಿ ಹಬ್ಬಿಸಿದ್ದ ದೊಡ್ಡಮನೆಯವರ ಸಿಲ್ವರ್ ಮರದಿಂದ ಏಣಿ ಸಮೇತ ಬಿದ್ದ. ಸೊಂಟ ಮುರಿಯಿತು. ಆಸ್ಪತ್ರೆಯಿಂದ ತಂದು ಮಲಗಿಸಿದವನು ಮಲಗಿಯೇ ಇದ್ದ. ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಬಂದು ಹೊಸಿಲಾಚೆಯೇ ನಿಂತು, "ಅವ್ನು ಕಂಟ್ರಾಕ್ಟ್‌ನೋರ ಆಳು ಕಣವ್ವ, ನಮ್ಮಾಳಲ್ಲ" ಎಂದು ಹೇಳಿ ಹೋದ. ಮರ ಅವರದು, ಬಳ್ಳಿ ಅವರದು, ಮೆಣಸು ಅವರದು, ಏಣಿಯೂ ಅವರದೇ. ಬಿದ್ದವನು ಮಾತ್ರ ಅವರವನಲ್ಲ!

ಇಷ್ಟೇ ಅಲ್ಲ. ಆ ಲೈನಿನ ಮುಂದೆ ಯಾರೂ ಏನನ್ನೂ ನೆಡುವ ಹಾಗಿಲ್ಲ. ಇವತ್ತು ಗಿಡ ನೆಟ್ಟವರು ನಾಳೆ ಜಾಗ ನಮ್ಮದು ಎನ್ನುತ್ತಾರಂತೆ. ಒಮ್ಮೆ ಆಕೆ ಒಡೆದ ಪ್ಲಾಸ್ಟಿಕ್ ಕೊಡದಲ್ಲಿ ಮಣ್ಣು ತುಂಬಿ ಟೊಮೆಟೊ ಗಿಡ ಇಟ್ಟುಕೊಂಡಿದ್ದಳು. ಹೂವೂ ಬಿಟ್ಟಿತ್ತು. ರೈಟರ್ ಅದನ್ನು ಕಾಲಲ್ಲಿ ತಳ್ಳಿಕೊಂಡು ಹೋದದ್ದನ್ನು ನಾನು ಬೇಲಿ ಮೇಲಿಂದ ನೋಡಿದ್ದೇನೆ. ವರ್ಷವಿಡೀ ಅವರ ಕಾಫಿಗೆ ಗೊಬ್ಬರ ಹೊತ್ತು ಹಾಕುವ ಕೈಗೆ ಒಂದು ಕೊಡ ಮಣ್ಣಿನ ಹಕ್ಕಿಲ್ಲ. ಇದನ್ನೆಲ್ಲ ನೋಡಿಕೊಂಡು ನಾನು ದಿನಾ ಲಿಂಗಪೂಜೆ ಮಾಡಿ, ಉಂಡು, ಸುಮ್ಮನೆ ಮಲಗಬೇಕು!

ಆ ವರ್ಷದ ಶಿವರಾತ್ರಿಗೆ ಉಪವಾಸ ಮಾಡಿದ್ದೆ. ಮಾರನೇ ಬೆಳಗ್ಗೆ ಪೂಜೆ ಮುಗಿಸಿ ಒಂದು ತುತ್ತು ಬಾಯಿಗಿಡುವಾಗ ಬೇಲಿಯಾಚೆಯಿಂದ ಮಕ್ಕಳು ಅನ್ನಕ್ಕೆ ಏನಿದೆ ಎಂದು ಕೇಳುವುದು, ತಾಯಿ ಉಪ್ಪು ಹಾಕ್ಕೊಂಡು ತಿನ್ನಿ ಎನ್ನುವುದು ಕೇಳಿಸಿತು. ನನ್ನದು ಒಂದು ದಿನದ ಉಪವಾಸ, ಅದಕ್ಕೆ ನಾನು ಪುಣ್ಯ ಲೆಕ್ಕ ಹಾಕುತ್ತಿದ್ದೇನೆ. ಅವತ್ತೇ ಮನೆಯವರ ಮುಂದೆ ಹೋಗಿ ನಿಂತೆ.

"ಕಣದ ಅಂಚು ನನಗೆ ಬೇಕು."

"ಕಣ ಕೊಟ್ಬುಟ್ರೆ ಮೆಣಸು ಎಲ್ಲಿ ಒಣಗಿಸ್ಲಿ? ನಿನ್ ತಲೆ ಮೇಲಾ?"

"ಅಂಚು ಅಂದೆ ಕಣ್ರೀ. ಅಂಚಿನ ಮಣ್ಣಲ್ಲಿ ಗುಂಡಿ ತೆಗೆದು ಬೀಜ ಹಾಕ್ತೀನಿ. ಬಳ್ಳಿ ಕಣಕ್ಕೆ ಹತ್ತೋ ಹೊತ್ಗೆ ನಿಮ್ ಮೆಣಸು ಮೂಟೆ ಸೇರಿರ್ತದೆ. ಆಮೇಲೆ ಕಾಫಿ ಹಣ್ಣಾಗೋಗಂಟ ಕಣ ಇರೋದು ನಾಯಿ ಮಲಗೋಕೆ ತಾನೆ?"

"ನಾಯೀನ ಕೇಳ್ದಾ?"

"ನಾಯಿ ಒಪ್ಪೈತೆ. ನೀವೇ ಉಳ್ಕೊಂಡಿರೋದು."

ಅವರು ನಕ್ಕರು. ನಕ್ಕರೆ ಒಪ್ಪಿದ ಹಾಗೆ ಎಂದು ಇಷ್ಟು ವರ್ಷದ ಸಂಸಾರದಲ್ಲಿ ತಿಳಿದುಕೊಂಡಿದ್ದೇನೆ. ಹೋಗುವಾಗ ಒಂದು ಮಾತು ಎಸೆದು ಹೋದರು: "ಬಾಳೆ ಗೀಳೆ ಇಟ್ಟೀಯ ಮತ್ತೆ. ಆನೆ ಬಂದ್ರೆ ನಿನ್ನೇ ಮಾತಾಡೋಕೆ ಕಳಿಸ್ತೀನಿ."

ಬಾಳೆಯ ಆಸೆಯನ್ನು ಈ ಭಾಗದವರೆಲ್ಲ ಬಿಟ್ಟು ಎಷ್ಟೋ ಕಾಲವಾಯಿತು. ನಾನು ಕೂತು ಯೋಚಿಸಿದ್ದು ಬೇರೆ. ನಮ್ಮಲ್ಲಿ ಹಸಿವು ಬರುವುದು ಬೇಸಿಗೆಯಲ್ಲಲ್ಲ. ಬೇಸಿಗೆಯಲ್ಲಿ ಒಂದಲ್ಲ ಒಂದು ಕೆಲಸ ಇದ್ದೇ ಇರುತ್ತದೆ. ಆಷಾಢದ ಮಳೆ ಹಿಡಿದು ತೋಟಕ್ಕೆ ಕಾಲಿಡಲಾಗದೆ ಕೂತಾಗ ಕೂಲಿ ನಿಲ್ಲುತ್ತದೆ, ಸಂತೆಗೆ ಹೋಗುವುದು ನಿಲ್ಲುತ್ತದೆ, ಸೊಪ್ಪು ಬೇರಿನಲ್ಲೇ ಕೊಳೆಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬೆಳೆದು ಮಳೆಗಾಲಕ್ಕೆ ಕಾದಿಡುವಂಥದ್ದೇ ಬೇಕು. ಅಟ್ಟದ ಗಳುವಿಗೆ ನೇತುಹಾಕಿದರೆ ತಿಂಗಳುಗಟ್ಟಲೆ ಕೆಡದ ಬೂದುಗುಂಬಳ, ಬಾಳೆನಾರಿನಲ್ಲಿ ಕಟ್ಟಿ ತೂಗಿಸುವ ಮೊಗೆಕಾಯಿ, ಅದೇ ಸಾಂಬಾರು ಸೌತೆ. ಬಚ್ಚಲ ನೀರು ಹರಿಯುವಲ್ಲಿ ಕೆಸು. ಅಷ್ಟರವರೆಗೆ ದಿನಬಳಕೆಗೆ ಒಂದು ಮಡಿ ಹರಿವೆ ಸೊಪ್ಪು.

ಬೀಜಕ್ಕೆ ಒಲೆಯ ಬೂದಿ ಸವರಿ, ಶಿವನ ಹೆಸರು ಹೇಳಿ ಮಣ್ಣಿಗೆ ಹಾಕಿದೆ. ಬಳ್ಳಿ ಕಣಕ್ಕೆ ಹತ್ತುವ ಹೊತ್ತಿಗೆ ಕಾದ ಸಿಮೆಂಟಿನ ಮೇಲೆ ಕಾಫಿ ಸಿಪ್ಪೆಯನ್ನೂ ಒಣಹುಲ್ಲನ್ನೂ ಹರವಿದೆ. ಮುಳ್ಳುಹಂದಿ ಒಮ್ಮೆ ಬಂದು ಕೆಸುವಿನ ಗೆಡ್ಡೆಯನ್ನಷ್ಟೇ ಅಗೆದು ತಿಂದು ಹೋಯಿತು. ಬಳ್ಳಿಯ ಬುಡ ಮುಟ್ಟಲಿಲ್ಲ. ಮುಂಗಾರು ತಡವಾಯಿತು ಎಂದು ಊರೆಲ್ಲ ಗೊಣಗುವಾಗ ನಾನು ಒಳಗೊಳಗೇ, ತಡವಾಗಲಿ ತಂದೆ, ಕಾಯಿ ಬಲಿಯಲಿ ಎಂದು ಬೇಡಿಕೊಂಡೆ. ಇಂಥ ಸಣ್ಣ ಸಣ್ಣ ಕರುಣೆಗಳನ್ನು ಎಣಿಸಿಟ್ಟುಕೊಳ್ಳುವುದು ನನ್ನ ಅಭ್ಯಾಸ. ದೊಡ್ಡ ಕರುಣೆ ಬರುವ ದಾರಿ ನಮ್ಮ ಮನೆಗೆ ಬೇಗ ಸಿಗುವುದಿಲ್ಲ.

ಕೊಡುವುದೂ ಸುಲಭವಾಗಿಯೇ ನಡೆದಿತ್ತು. ಹರಿವೆ ಕಿತ್ತು ಬೇಲಿ ಮೇಲಿಂದ ಚಾಚುತ್ತಿದ್ದೆ, ಅವಳು ಸೆರಗಲ್ಲಿ ತೆಗೆದುಕೊಳ್ಳುತ್ತಿದ್ದಳು.

"ಅಕ್ಕಾರೆ, ಈ ಕೆಂಪು ಸೊಪ್ಪು ತಿಂದು ತಿಂದು ನಮ್ ಮೈಯೆಲ್ಲ ಕೆಂಪಾಗ್ಬುಡ್ತದೆ, ನೋಡ್ತಿರಿ."

"ಆಗ್ಲಿ ಬಿಡೇ. ದೊಡ್ಡಮನೆಯೋರ ಥರ ಕಾಣ್ತೀಯ."

"ಅವ್ರು ಕೆಂಪಗಿರೋದು ಸೊಪ್ಪಿಗಲ್ಲ ಕಣಕ್ಕಾರೆ, ಬೈದು ಬೈದು!"

ಸುಮ್ಮನೆ ತೆಗೆದುಕೊಳ್ಳುವವಳೂ ಅಲ್ಲ. ಮೊದಲ ಗುಡುಗಿಗೆ ಎದ್ದ ಅಣಬೆಯನ್ನು ಎಲೆಯಲ್ಲಿ ಸುತ್ತಿ ಬೇಲಿಗೆ ಸಿಕ್ಕಿಸಿ ಹೋಗುತ್ತಿದ್ದಳು. ಕಣದ ತುಂಬ ಕಾಯಿ ಬಲಿತು, ಮೈಗೆಲ್ಲ ವಿಭೂತಿ ಬಳಿದುಕೊಂಡ ಜಂಗಮರು ಕೂತ ಹಾಗೆ ಬೂದುಗುಂಬಳಗಳು ಕೂತಾಗ, ಈ ಮಳೆಗಾಲ ಲೈನಿನವರಿಗೆ ಹೇಗೋ ದಾಟುತ್ತದೆ ಎಂದು ಧೈರ್ಯ ಬಂತು.

ಆಗಲೇ ದೊಡ್ಡಮನೆಯಾಕೆ ಬಂದದ್ದು.

ಆಕೆಯ ಮನೆಯವರ ಜೀಪು ಆ ಬೇಸಿಗೆಯಲ್ಲಿ ಮಾರನಹಳ್ಳಿಯ ತಿರುವಿನಲ್ಲಿ ಮಗುಚಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಅದರ ಹಿಂದೆಯೇ ಒಂದು ಎಮ್ಮೆ ಸತ್ತಿತ್ತು, ಗಂಡನಿಗೆ ಕಾಲುನೋವು ಹಿಡಿದಿತ್ತು. ಇದೆಲ್ಲ ಊರಿಗೆ ಗೊತ್ತಿದ್ದ ಸುದ್ದಿ. ಆಕೆ ನಮ್ಮ ಕಣದ ಅಂಚಿಗೆ ನಿಂತು ಕಣ್ಣರಳಿಸಿದಳು.

"ಎಷ್ಟ್ ಚೆನ್ನಾಗಿ ಬಿಟ್ಟೈತೆ ಮಾರಾಯ್ತಿ! ಲೈನಿನೋರಿಗೆ ಕೊಡ್ತೀಯಂತೆ?"

"ಮಳೆಗಾಲಕ್ಕೆ ಅಂತ ಇಟ್ಟಿವ್ನಿ."

"ಬೇಲಿ ಮೇಲೆ ಒಬ್ಬೊಬ್ಬರಿಗೆ ಕೊಡೋದೇನು? ಈ ಅಮಾವಾಸ್ಯೆಗೆ ದೇವಸ್ಥಾನದಲ್ಲಿ ಪೂಜೆ ಇಟ್ಕೊಂಡೀವಿ. ಊಟ ನಮ್ದು. ಒಂದಷ್ಟು ಕಾಯಿ ಕೊಡು, ಎಲ್ಲಾರ್ಗೂ ದೇವ್ರ ಮುಂದೆ ಕೊಡೋಣ. ನಿಂಗೂ ಪುಣ್ಯ."

ದೇವರ ಮುಂದೆ, ಊಟ ಹಾಕಿ, ಎಲ್ಲರಿಗೂ ಕೊಡುತ್ತಾರೆ ಎಂದರೆ ನಾನು ಬೇಡ ಎನ್ನಲು ಕಾರಣವೇನು? ಲೈನಿನ ಕೊನೆಯ ಮನೆಗಳವರಿಗೆ ನಾನು ಇನ್ನೂ ಏನೂ ಕೊಟ್ಟಿರಲಿಲ್ಲ. ಅವರಿಗೂ ಸಿಗುತ್ತದೆ ಎಂದುಕೊಂಡೆ. ಅರ್ಧ ಕಣದ ಕಾಯಿ ಅವರ ಪಿಕಪ್ ಏರಿತು.

ಅಮಾವಾಸ್ಯೆಯ ದಿನ ನಾನು ದೇವಸ್ಥಾನದ ಹಿಂದಿನ ಅಡುಗೆ ಕೊಟ್ಟಿಗೆಯಲ್ಲಿದ್ದೆ. ಪಾಯಸ ತಿರುವುವ ಕೆಲಸ ನನ್ನದು. ಮುಂದೆ ಘಟ್ಟದ ಕೆಳಗಿನಿಂದ ಬಂದ ಜೋಯಿಸರ ಮಂತ್ರ ಕೇಳುತ್ತಿತ್ತು. ಲೈನಿನವರೆಲ್ಲ ತಪ್ಪದೆ ಬರಬೇಕೆಂದು ರೈಟರ್ ಮನೆಮನೆಗೆ ಹೇಳಿ ಬಂದಿದ್ದನಂತೆ. ನಾನು ಕೈತೊಳೆದು ಹೊರಗೆ ಬರುವಾಗ ಎಲ್ಲರೂ ಒಂದೊಂದು ಕುಂಬಳ ಹಿಡಿದು ತಲೆತಗ್ಗಿಸಿ ಹೊರಟಿದ್ದರು. ಪಕ್ಕದವಳನ್ನು ಕೂಗಿದೆ. ತಿರುಗಿ ನೋಡಲಿಲ್ಲ. ದೊಡ್ಡವರ ಮುಂದೆ ನಾಚಿಕೆ ಇರಬೇಕು ಎಂದುಕೊಂಡೆ.

ಪಾತ್ರೆ ತೊಳೆದಿಟ್ಟು ನಾನು ಮನೆಗೆ ಹೊರಟಾಗ ಇನ್ನೂ ಬೆಳಕಿತ್ತು. ಮೂರುದಾರಿ ಕೂಡುವಲ್ಲಿ ನನ್ನ ಕುಂಬಳಕಾಯಿಗಳು ಬಿದ್ದಿದ್ದವು. ಒಂದಲ್ಲ, ಎರಡಲ್ಲ, ಹಂಚಿದ್ದೆಲ್ಲ ಅಲ್ಲೇ ಇತ್ತು. ಯಾರೂ ಒಡೆದಿರಲಿಲ್ಲ. ಮೆತ್ತಗೆ ಇಳಿಸಿ, ಹಿಂದಿರುಗಿ ನೋಡದೆ ಹೋದ ಹಾಗಿತ್ತು.

ನನಗೆ ಸಿಟ್ಟು ಬಂತು. ಮಗುವನ್ನು ಸಾಕಿದ ಹಾಗೆ ಸಾಕಿದ ಕಾಯಿಯನ್ನು ದಾರಿಯಲ್ಲಿ ಎಸೆದು ಹೋಗಿದ್ದಾರಲ್ಲ, ಇವರಿಗೆ ಏನು ಬಂತು ಎಂದು ಬೈದುಕೊಂಡೇ ಮನೆ ಸೇರಿದೆ. ಮಾರನೇ ದಿನ ಬೆಳಗ್ಗೆ ಆನೆ ಬಂದಿದೆ ಎಂದು ಮನೆಯವರ ಮೊಬೈಲಿಗೆ ಅರಣ್ಯ ಇಲಾಖೆಯ ಮೆಸೇಜ್ ಬಂತು. ಒಂಟಿ ಆನೆ ಆ ಮೂರುದಾರಿಯಲ್ಲಿ ನಿಂತು ಕುಂಬಳವನ್ನೆಲ್ಲ ಮುಕ್ಕಿ ಹೋಗಿತ್ತು. ಮನೆಗಳ ಕಡೆ ತಿರುಗದೆ ಹಳ್ಳಕ್ಕಿಳಿದದ್ದು ಶಿವನ ದಯೆ. ಡೇರಿಗೆ ಹಾಲು ಹಾಕಲು ಹೋದರೆ ಅಲ್ಲಿ ಅದೇ ಮಾತು, ಅದೇ ನಗು.

"ಪಾಪ ಕಣ್ರಪ್ಪ ಆ ಆನೆ! ದೊಡ್ಡಮನೆ ಶನಿಯೆಲ್ಲ ಅದ್ರ ಹೊಟ್ಟೆಗೆ ಹೋಗ್ಬುಡ್ತು."

"ಇನ್ನು ಅದೂ ಮಾರನಹಳ್ಳಿ ತಿರುವಲ್ಲಿ ಮಗುಚ್ಕೊಳ್ತದೆ, ನೋಡ್ತಿರಿ."

ನಾನು ನಗಲಿಲ್ಲ. ಶನಿ ಎಂಬ ಮಾತು ಎದೆಗೆ ಚುಚ್ಚಿತು. ಹಾಲಿನ ಕ್ಯಾನು ಅಲ್ಲೇ ಬಿಟ್ಟು ಪಕ್ಕದವಳ ಮನೆಗೆ ನಡೆದೆ. ಅವಳು ಹೊಸಿಲಲ್ಲಿ ಕೂತಿದ್ದಳು. ಒಳಗೆ ಗಂಡ ನರಳುತ್ತಿದ್ದ, ಜ್ವರ ಬಂದಿತ್ತಂತೆ.

"ನಿನ್ನೆ ದೇವಸ್ಥಾನದಲ್ಲಿ ಏನ್ ನಡೀತು? ನಿಜ ಹೇಳು."

"ನಿಮಗೆ ಗೊತ್ತಿಲ್ವಾ ಅಕ್ಕಾರೆ?"

"ಗೊತ್ತಿದ್ರೆ ಕೇಳ್ತಿದ್ನಾ?"

ಅವಳು ಬಾಗಿಲನ್ನು ಮುಂದೆ ಎಳೆದುಕೊಂಡಳು. ಆಮೇಲೆ ಹೇಳಿದಳು. "ಒಬ್ಬೊಬ್ಬರನ್ನೇ ಕರೆದ್ರು. ಜೋಯಿಸ್ರು ಅವ್ರ ಮನೆಯೋರ ಹೆಸ್ರು, ನಕ್ಷತ್ರ ಎಲ್ಲ ಹೇಳಿದ್ರು. ಕುಂಬಳದ ಮೇಲೆ ಕರಿ ಎಳ್ಳು, ಕರಿ ಬಟ್ಟೆ, ಒಂದು ಕಾಸು. ಅಮ್ಮೋರು ನೀರು ಬುಟ್ಟು ನಮ್ ಕೈಗೆ ಹಾಕಿದ್ರು. ಹಾಕಿದ್ಮೇಲೆ ಅವ್ರು ನಮ್ ಮುಖ ನೋಡ್ಲಿಲ್ಲ, ತಿರುಗಿ ಕೈ ತೊಳ್ಕೊಂಡ್ರು."

ಅದಕ್ಕೆ ಬಂದದ್ದು ನನ್ನ ಕಣದ ಕಾಯಿ!

ಇದು ಏನೆಂದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಮನೆಗೆ ಕಾಟ ಹತ್ತಿದೆ ಎಂದಾಗ ಅದನ್ನು ಕುಂಬಳಕಾಯಿಗೆ ಇಳಿಸಿ ದಾನ ಕೊಡುತ್ತಾರೆ. ತೆಗೆದುಕೊಂಡವನ ಮೇಲೆ ಅದು ಹೋಗುತ್ತದೆ ಎಂಬ ನಂಬಿಕೆ. ಅದಕ್ಕೇ ಅಂಥ ದಾನವನ್ನು ಜಪತಪ ಮಾಡಿ ಕಳೆದುಕೊಳ್ಳಬಲ್ಲೆ ಎನ್ನುವವರೇ ತೆಗೆದುಕೊಳ್ಳುವುದು, ಅದೂ ಕೈತುಂಬ ದಕ್ಷಿಣೆ ಕೊಟ್ಟರೆ. ಆಮೇಲೆ ತಿಳಿಯಿತು, ಈ ಸಲ ತೆಗೆದುಕೊಳ್ಳಲು ಯಾವ ಭಟ್ಟರೂ ಒಪ್ಪಿರಲಿಲ್ಲವಂತೆ. ಭಟ್ಟರಿಗೆ ಬೇಡವಾದದ್ದನ್ನು ಲೈನಿನವರ ಕೈಗೆ ಹಾಕಿದರು. ಕೂಲಿ ಕೊಡುವ ಮನೆ, ಇರಲು ಸೂರು ಕೊಟ್ಟ ಮನೆ. ಒಲ್ಲೆ ಎನ್ನುವುದು ಹೇಗೆ? ಕೈಯೊಡ್ಡಿ ತೆಗೆದುಕೊಂಡು ಮೂರುದಾರಿಯಲ್ಲಿ ಇಳಿಸಿ ಬಂದರು. ಅಷ್ಟೇ ಅವರ ಕೈಯಲ್ಲಿದ್ದದ್ದು.

ಮತ್ತೆ ಅದರ ಫೋಟೊ! ದೊಡ್ಡಮನೆಯಾಕೆ ಫೋನಿನ ಸ್ಟೇಟಸ್ಸಿಗೆ ಹಾಕಿಕೊಂಡಿದ್ದಳು. ಪಕ್ಕದವಳು ತಲೆತಗ್ಗಿಸಿ ಕಾಯಿ ಹಿಡಿದಿದ್ದಾಳೆ, ಕೆಳಗೆ "ಬಡವರ ಸೇವೆ" ಎಂದು ಬರೆದು ಕೈಮುಗಿಯುವ ಚಿತ್ರ.

ಅವತ್ತೇ ದೊಡ್ಡಮನೆಗೆ ಹೋದೆ. ಮನೆಯವರು ಬೇಡ ಅಂದರು, ಕೇಳಲಿಲ್ಲ. ಆಕೆ ಜಗಲಿಯಲ್ಲಿ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು.

"ನನ್ನ ಕಾಯಿ ಹಸಿದೋರಿಗೆ ಅಂತ ಇಸ್ಕೊಂಡು ಹೋದ್ರಲ್ಲ, ಏನ್ ಮಾಡಿದ್ರಿ?"

"ಹಸಿದೋರಿಗೇ ಕೊಟ್ಟೀವಲ್ಲ. ಅವ್ರಿಗೆ ಹೊಟ್ಟೆಗಾಯ್ತು, ನಮಗೆ ಒಳ್ಳೇದಾಯ್ತು. ಇದ್ರಾಗೆ ನಿಂಗೇನು ನಷ್ಟ?"

"ಯಾರ ಹೊಟ್ಟೆಗೂ ಆಗಲಿಲ್ಲ ಕಣ್ರೀ, ಆನೆ ಹೊಟ್ಟೆಗಾಯ್ತು."

"ತಿನ್ನದೇ ಹೋದ್ರೆ ಅದು ಅವ್ರ ಕೊಬ್ಬು."

ಆ ಮಾತಿಗೆ ನನ್ನ ಬಾಯಿಯ ಕಟ್ಟು ಕಿತ್ತುಹೋಯಿತು. "ಕೊರಳಲ್ಲಿ ಲಿಂಗ ಕಟ್ಕೊಂಡಿದ್ದೀರಿ, ನಾನೂ ಕಟ್ಕೊಂಡಿವ್ನಿ. ಲಿಂಗ ಎದೆ ಮೇಲಿರೋರಿಗೆ ಶನಿ ಏನ್ ಮಾಡ್ತಾನೆ ಅಂತ ನಿಮಗ್ಯಾರೂ ಹೇಳಿಕೊಡ್ಲಿಲ್ವಾ? ಹೋಗ್ಲಿ, ನಂಬ್ತೀರಿ ಅಂತಾನೇ ಇಟ್ಕೊಳ್ಳಿ. ನಂಬೋರಾದ್ರೆ, ನಿಮ್ಮ ಮರದಿಂದ ಬಿದ್ದು ಸೊಂಟ ಮುರ್ಕೊಂಡೋನ ಮನೆಗೇ ನಿಮ್ಮ ಕಾಟಾನೂ ಕಳಿಸಿದ್ರಲ್ಲ, ಕೈ ಹೆಂಗೆ ಬಂತು? ನಂಬ್ದೇ ಇರೋರಾದ್ರೆ ಕೈ ಯಾಕ್ ತೊಳ್ಕೊಂಡ್ರಿ?"

ಆಕೆ ಬಾಯಲ್ಲಿದ್ದ ಅಡಿಕೆಯನ್ನು ಅಗಿಯುವುದು ನಿಲ್ಲಿಸಿದಳು. ಆಮೇಲೆ ಒಳಗೆ ಕೂಗಿ, "ಇವ್ರಿಗೊಂದು ಕಾಫಿ ತತ್ತಾ" ಎಂದಳು. ನಾನು ಕುಡಿಯಲಿಲ್ಲ. ಕ್ಷಮಿಸು ಎನ್ನಲಿಲ್ಲ ಆಕೆ, ಇವತ್ತಿನವರೆಗೂ ಎಂದಿಲ್ಲ.

ನಮ್ಮ ತವರಿನಲ್ಲಿ ದಾಸೋಹ ಎಂದರೆ ಕೊಡುವವನು ಬಾಗಬೇಕು ಎಂದು ಹೇಳಿಕೊಟ್ಟಿದ್ದರು. ಬಡಿಸುವವಳು ಬಗ್ಗದೆ ಎಲೆಗೆ ಅನ್ನ ಬೀಳುವುದಿಲ್ಲವಲ್ಲ. ಇವರು ಬಾಗದೆ ಎಸೆಯುವುದನ್ನು ಕಲಿತಿದ್ದರು. ಅದಕ್ಕೆ ನನ್ನ ಕಣ, ನನ್ನ ಬೀಜ, ನನ್ನ ಶಿವರಾತ್ರಿ!

ಸಿಟ್ಟು ನನ್ನದು, ಆದರೆ ಪೆಟ್ಟು ಬಿದ್ದದ್ದು ಬೇಲಿಯಾಚೆ. ಮಳೆ ಹಿಡಿಯಿತು. ತಡವಾಗಿ ಬಂದದ್ದು ಬಿಡದೆ ಹೊಡೆಯಿತು. ಎಸ್ಟೇಟಿನ ಕೆಲಸ ನಿಂತಿತು. ನಮ್ಮ ಅಟ್ಟದ ಗಳುವಿನಲ್ಲಿ ಉಳಿದ ಕುಂಬಳಗಳು ಸಾಲಾಗಿ ತೂಗುತ್ತಿದ್ದವು. ಪಕ್ಕದ ಮನೆಯ ಹೆಂಚಿನ ಮೇಲೆ ಕೆಲವು ದಿನ ಒಂದೇ ಹೊತ್ತು ಹೊಗೆಯೇಳುತ್ತಿತ್ತು. ನಾನು ಮೊಗೆಕಾಯಿ ಒಯ್ದರೆ ಅವಳು ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಅಮಾವಾಸ್ಯೆಯ ಮಾರನೇ ದಿನ ಹತ್ತಿದ ಜ್ವರ ಗಂಡನಿಗೆ ಬಿಟ್ಟು ಬಿಟ್ಟು ಬರುತ್ತಿತ್ತು.

"ಲಿಂಗ ಮುಟ್ಟಿ ಹೇಳ್ತೀನಿ, ನನ್ ಮನಸ್ಸಲ್ಲಿ ಅಂಥದ್ದೇನೂ ಇಲ್ಲ ಕಣೇ."

"ನಿಮ್ ಮಾತು ನಂಬ್ತೀನಿ ಅಕ್ಕಾರೆ. ಎದೆ ನಂಬ್ತಾ ಇಲ್ಲ. ಅದು ಆ ಕಣದ್ದೇ ಕಾಯಿ ಅಲ್ವಾ? ತಿಂದ್ಮೇಲೆ ಇವನಿಗೇನಾದ್ರೂ ಆದ್ರೆ ನಾನು ಯಾರಿಗೆ ಹೇಳ್ಲಿ?"

ಏನು ಹೇಳಲಿ ನಾನು? ಬೇಯಿಸಿ ಕೊಡಲೇ ಎಂದೆ, ಬೇಡ ಅಂದಳು. ಮಕ್ಕಳನ್ನು ನಮ್ಮ ಮನೆಗೆ ಊಟಕ್ಕೆ ಕಳಿಸು ಎಂದೆ. "ಇವತ್ತು ಊಟಕ್ಕೆ ಕಳಿಸಿದ್ರೆ ನಾಳೆ ಕೈಯೊಡ್ಡೋದು ಕಲೀತಾವೆ" ಎಂದಳು. ಮಕ್ಕಳು ದಿನದಿಂದ ದಿನಕ್ಕೆ ಬಡಕಲಾಗುತ್ತಿದ್ದವು. ನಾನು ಪೂಜೆಗೆ ಕೂತರೆ ಶಿವನ ಮೇಲೂ ಸಿಟ್ಟು ಬರುತ್ತಿತ್ತು. ಕೊಡುವ ಕೈ ಕೊಟ್ಟೆ, ಕಾಯಿ ಕೊಟ್ಟೆ, ತೆಗೆದುಕೊಳ್ಳುವವಳ ಕೈ ಯಾಕೆ ಕಟ್ಟಿಸಿದೆ ಎಂದು ಕೇಳುತ್ತಿದ್ದೆ.

ಆಷಾಢ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಮಳೆ ಹೊಳವಾಯಿತು. ಕಣದಲ್ಲಿ ಏನೋ ಸದ್ದು. ಹೋಗಿ ನೋಡಿದರೆ ಅವಳು ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು, ಕೊಳೆತ ಬಳ್ಳಿಯನ್ನೆಲ್ಲ ಎಳೆದು ಒಟ್ಟುತ್ತಿದ್ದಾಳೆ. ಕಣದ ಅಂಚಿನ ಚರಂಡಿ ಆಗಲೇ ಬಿಡಿಸಿಯಾಗಿತ್ತು.

"ಯಾಕೇ? ನಾನು ಕರೀಲಿಲ್ವಲ್ಲ?"

"ಮುಯ್ಯಾಳಿಗೆ ಬಂದಿವ್ನಿ" ಎಂದಳು, ತಲೆಯೆತ್ತದೆ.

ಮುಯ್ಯಾಳು ಎಂದರೆ ಕೂಲಿಯಲ್ಲ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನಮ್ಮ ಹೊಲಕ್ಕೆ ನೀವು. ಸರೀಕರ ನಡುವೆ ಮಾತ್ರ ನಡೆಯುವ ಲೆಕ್ಕ ಅದು. ಲೈನಿನವರು ತೋಟದ ಮನೆಯವರ ಹತ್ತಿರ ಮುಯ್ಯಿ ಕೇಳಿದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ.

"ಅವನೇ ಹೇಳ್ದ, ಮಲಗಿದ್ದೋನು" ಎಂದಳು. "ದಾನದ ಕಾಯಿಗೆ ಹೆದರ್ಕೊಂಡು ಮಕ್ಕಳನ್ನ ಒಣಗಿಸ್ತೀಯಲ್ಲ, ಪಾಲಿನ ಕಾಯಿಗೆ ಯಾರ ಶನಿ ಅಂಟ್ಕೊಳ್ತದೆ, ಗೇದು ತಗೋ ಹೋಗು ಅಂತ. ಇನ್ಮೇಲೆ ಈ ಕಣದ ಬಳ್ಳಿಗೆ ನನ್ನ ಬೆನ್ನೂ ಬಗ್ಗಲಿ. ಅರ್ಧ ನಿಮ್ದು, ಅರ್ಧ ನಂದು. ನೀವು ಕೊಟ್ರಿ ಅಂತ ಇರಬಾರ್ದು. ಪುಣ್ಯಾನೂ ಬೇಡ ನಿಮ್ಗೆ."

ಪುಣ್ಯವೂ ಬೇಡ ಎಂದಾಗ ನಿಜವಾಗಿ ಒಂದು ಗಳಿಗೆ ಕಸಿವಿಸಿಯಾಯಿತು. ಬೀಜಕ್ಕೆ ಬೂದಿ ಸವರುವಾಗಿನಿಂದ ಅದನ್ನು ಶಿವನ ಮುಂದೆ ಎಣಿಸಿಕೊಂಡೇ ಬಂದಿದ್ದವಳು ನಾನು. ಆಮೇಲೆ, ಬರುವುದಿದ್ದರೆ ಅವಳ ಮಕ್ಕಳ ಹೊಟ್ಟೆಗೆ ಬರಲಿ ಎಂದುಕೊಂಡೆ.

"ಸರಿ, ಮುಯ್ಯಿಗೆ ನಾನೇನ್ ಮಾಡ್ಬೇಕು ನಿನ್ ಮನೇಲಿ?"

"ನೀವು ಬೇಡ, ನಿಮ್ ಯಜಮಾನ್ರನ್ನ ಕಳಿಸಿ" ಎಂದು ಮೊದಲ ಸಲ ನಕ್ಕಳು. "ಇವನು ಹೆಣ ಭಾರ ಅಕ್ಕಾರೆ. ಒಬ್ಬಳೇ ಎತ್ತಿ ಕೂರ್ಸೋಕಾಗಲ್ಲ. ಬೆನ್ನಿಗೆ ಬಿಸಿನೀರು ಕಾಣದೆ ಹುಣ್ಣಾಗೈತೆ."

ನಮ್ಮ ಮನೆಯವರು ಇದನ್ನು ಕೇಳಿ ಪಂಚೆ ಮೇಲೆ ಕಟ್ಟಿದರು. ಅವನನ್ನು ಮಗುವಿನ ಹಾಗೆ ಎತ್ತಿ ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ಹಿಂದಿನಿಂದ ತಬ್ಬಿ ಹಿಡಿದುಕೊಂಡರು. ಅವಳು ಬಿಸಿನೀರು ಹುಯ್ದಳು. ಅವನು "ಮೆಲ್ಲಗೆ ಕಣಣ್ಣೋ, ಇನ್ನೊಂದ್ ಸಲ ಬಿದ್ರೆ ನಿಮ್ ತೋಟದ ಆಳು ಅಂತ ಬರೀಬೇಕಾಯ್ತದೆ" ಎಂದ. ಇಬ್ಬರೂ ನಕ್ಕದ್ದು ನಮ್ಮ ಕಣಕ್ಕೂ ಕೇಳಿಸಿತು.

ಅವಳ ಮೊದಲ ಪಾಲು ಎಂದು ಅಟ್ಟದಿಂದ ಒಂದು ಬೂದುಗುಂಬಳ ಇಳಿಸಿದೆ. ನಾನೂ ಜೊತೆಗೆ ಹೋದೆ. ಹೊತ್ತುಕೊಂಡು ಹೋದವಳು ಅದನ್ನು ಒಲೆ ಮುಂದೆ ಇಟ್ಟುಕೊಂಡು ಕತ್ತಿ ಮುಟ್ಟದೆ ನಿಂತಳು. ಇಡೀ ಕುಂಬಳಕ್ಕೆ ಹೆಂಗಸು ಮೊದಲ ಕತ್ತಿ ಇಡುವುದಿಲ್ಲ ನಮ್ಮಲ್ಲಿ. ಗಂಡಸೇ ಹೋಳು ಮಾಡಬೇಕು. ನಮ್ಮ ಮನೆಯವರು ಕತ್ತಿಗೆ ಕೈಚಾಚಿದರು. ಗೋಡೆಗೆ ಒರಗಿಸಿ ಕೂರಿಸಿದ್ದ ಅವನು ತಡೆದ.

"ಇತ್ತಾ ಕೊಡೇ. ನಮ್ ಮನೆ ಕಾಯಿ."

ಮಣೆ ಎಳೆದು ಅವನ ತೊಡೆಯ ಪಕ್ಕ ಇಟ್ಟಳು. ಸೊಂಟದ ಕೆಳಗೆ ಶಕ್ತಿಯಿರಲಿಲ್ಲ, ಮರ ಹತ್ತಿದ ತೋಳಲ್ಲಿ ಇನ್ನೂ ಇತ್ತು. ಎರಡು ಪೆಟ್ಟಿಗೆ ಕಾಯಿ ಬಿರಿಯಿತು. ಮೇಲಿನ ಬೂದಿ ಅವನ ಕೈಗೆಲ್ಲ ಮೆತ್ತಿತು. ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು, ಏನಾಗುತ್ತದೋ ಎನ್ನುವ ಹಾಗೆ. ಅವನು ಒಂದು ಬೀಜ ಬಾಯಿಗೆ ಹಾಕಿ ಅಗಿದು, "ನೀರು ಸೇದ್ತೀಯಾ, ನನ್ ಮೂತಿ ನೋಡ್ಕೊಂಡು ಕೂತ್ಕೊಂತೀಯಾ?" ಎಂದ. ಆ ಸಂಜೆ ಅವರ ಹೆಂಚಿನ ಮೇಲೆ ಎರಡನೇ ಹೊತ್ತಿನ ಹೊಗೆ ಎದ್ದಿತು.

ಈ ವರ್ಷ ತೋಟವನ್ನು ಇಬ್ಬರೂ ಸೇರಿಯೇ ಯೋಚಿಸಿದೆವು. ಕುಂಬಳ ಬೇಡ, ಆ ನೆನಪೇ ಸಾಕು ಎಂದು ನಾನು. ಇರಲಿ, ಹೆದರಿ ಬಿಟ್ಟರೆ ಅವರೇ ಗೆದ್ದ ಹಾಗೆ ಎಂದು ಅವಳು. ಬದನೆ ಎಲ್ಲಿ, ತೊಂಡೆ ಚಪ್ಪರ ಎಲ್ಲಿ ಎಂಬುದಕ್ಕೆ ಜಗಳವಾಡಿದೆವು. ಹೆಚ್ಚು ಸಲ ಗೆದ್ದವಳು ಅವಳೇ. ಲೈನಿನ ಇನ್ನೆರಡು ಮನೆಯವರು ಮುಯ್ಯಾಳಿಗೆ ಸೇರಿಕೊಂಡರು. ಅವಳ ಗಂಡ ಈಗ ಕೋಲೂರಿಕೊಂಡು ಬೇಲಿಯವರೆಗೆ ಬಂದು, ಕೂತಲ್ಲಿಂದಲೇ ಎಲ್ಲರಿಗೂ ಬುದ್ಧಿ ಹೇಳುತ್ತಾನೆ. ಯಾರೂ ಕೇಳುವುದಿಲ್ಲ. ಇದನ್ನೂ ನಾನು ಶಿವನ ಲೆಕ್ಕದಲ್ಲಿ ಬರೆದುಕೊಂಡಿದ್ದೇನೆ.

ಮೊನ್ನೆ, ಕಾಯಿ ಬಲಿತು ಕೊಯ್ಯುವ ಹೊತ್ತಿಗೆ, ರೈಟರ್ ಎರಡು ಖಾಲಿ ಚೀಲ ಹಿಡಿದುಕೊಂಡು ಕಣಕ್ಕೆ ಬಂದ. ನಾವಿಬ್ಬರೂ ಬಳ್ಳಿಯ ನಡುವೆ ಕೂತಿದ್ದೆವು.

"ಅಮ್ಮೋರು ಹೇಳಿ ಕಳ್ಸವ್ರೆ. ಅಮಾವಾಸ್ಯೆ ಪೂಜೆಗೆ ಈ ಸಲಾನೂ ಒಂದಷ್ಟು ಕಾಯಿ ಬೇಕಂತೆ."

ನನ್ನ ಬಾಯಿಗೆ ಬೈಗುಳ ಬಂದಿತ್ತು. ಅಷ್ಟರಲ್ಲಿ ಅವಳು ಕೈಯಲ್ಲಿದ್ದ ಕುಡುಗೋಲನ್ನು ಕೆಳಗಿಟ್ಟು ಎದ್ದು ನಿಂತಳು. ಅವಳ ಮನೆಯ ಸೂರು ಅವರದೇ ಎಂಬುದು ನನಗೆ ಗೊತ್ತಿತ್ತು, ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಅವಳ ಸೆರಗು ಹಿಡಿದೆ. ಬಿಡಿಸಿಕೊಂಡಳು.

"ಇದ್ರಾಗೆ ಅರ್ಧ ನಮ್ದು ರೈಟ್ರೇ. ನಾವು ಕೊಡಾಕಿಲ್ಲ ಅಂತ ಹೇಳಿ. ಉಣ್ಣೋರವ್ರೆ ನಮ್ಮನೇಲಿ."

ರೈಟರ್ ನನ್ನ ಕಡೆ ನೋಡಿದ.

"ಇನ್ನರ್ಧ ನಂದು" ಎಂದೆ. "ನಂದೂ ಇಲ್ಲ."